ಸ್ಕೂಟರ್ ಲೋನ್ ಮುಗಿದ್ಮೇಲೂ ಎರಡು ಸಲ ಇಎಂಐ ಕಟ್: ಫೈನಾನ್ಸ್‌ನೋರಿಗೆ 1 ಸ್ಟಾರ್, ಬ್ಯಾಂಕಿಗೆ 3

ಮೊದಲೇ ಹೇಳ್ಬಿಡ್ತೀನಿ, ಕಂಪನಿ ಹೆಸರು, ಬ್ಯಾಂಕ್ ಹೆಸರು ಎರಡೂ ಬರೆಯಲ್ಲ, ದುಡ್ಡು ವಾಪಸ್ ಬಂದಿದೆ, ಇನ್ನು ಅವ್ರ ಜೊತೆ ಗುದ್ದಾಡೋ ಶಕ್ತಿ ನನಗಿಲ್ಲ. ಆದ್ರೆ ಹೆಂಗೆ ಬಂತು ಅನ್ನೋದು ಬರೀಲೇಬೇಕು, ಯಾಕಂದ್ರೆ ಮೊದಲ ಎರಡು ವಾರ ನಾನು ಬರೀ ತಪ್ಪು ಬಾಗಿಲು ಬಡೀತಾ ಕೂತಿದ್ದೆ.

ವಿಷ್ಯ ಇಷ್ಟೇ. ತುಮಕೂರಲ್ಲಿ ಸ್ಕೂಟರ್ ತಗೊಂಡಿದ್ದು 24 ಕಂತಿಗೆ, ತಿಂಗಳಿಗೆ 3,870, ಪ್ರತಿ 5ನೇ ತಾರೀಕು ಅಕೌಂಟಿಂದ ತಾನೇ ಕಟ್ ಆಗೋದು. ಮಾರ್ಚಲ್ಲಿ ಚೀಟಿ ದುಡ್ಡು ಕೈಗೆ ಬಂತು, ಸುಮ್ನೆ ಬಡ್ಡಿ ಯಾಕೆ ಕಟ್ಟೋದು ಅಂತ ಉಳಿದಿದ್ದ ಐದು ಕಂತಿಂದು ಒಟ್ಟಿಗೆ ಕಟ್ಟಿ, ಫೋರ್‌ಕ್ಲೋಷರ್ ಚಾರ್ಜು ಅದೂ ಇದೂ ಅಂದಿದ್ದೆಲ್ಲಾ ಕೊಟ್ಟು, 22ನೇ ತಾರೀಕು ಲೋನ್ ಕ್ಲೋಸ್ ಮಾಡಿಸ್ದೆ. ಎನ್‌ಒಸಿನೂ, ಅಂದ್ರೆ ಇನ್ನೇನೂ ಬಾಕಿ ಇಲ್ಲ ಅನ್ನೋ ಪತ್ರ, ಮೇಲ್‌ಗೆ ಬಂತು. ಅಮ್ಮ ಸ್ಕೂಟರ್‌ಗೆ ಹೊಸದಾಗಿ ನಿಂಬೆಹಣ್ಣು ಕಟ್ಟಿ "ಈಗ ಇದು ನಮ್ದಾಯ್ತು ನೋಡು" ಅಂದ್ರು. ಏಪ್ರಿಲ್ 5 ಬೆಳಗ್ಗೆ ಎಸ್ಸೆಮ್ಮೆಸ್. 3,870 ಡೆಬಿಟ್.

ಫೈನಾನ್ಸ್‌ನೋರ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ, ಕನ್ನಡಕ್ಕೆ ಎರಡು ಒತ್ತಿ ಅಂತಾರೆ, ಒತ್ತಿದ್ರೆ ಹಿಂದಿಯವ್ರು ಬರ್ತಾರೆ, ಅದಿರ್ಲಿ. "ಸರ್ ಫೈಲ್ ಮೊದಲೇ ಬ್ಯಾಂಕಿಗೆ ಹೋಗ್ಬಿಟ್ಟಿತ್ತು, ಎಕ್ಸೆಸ್ ಅಮೌಂಟ್ ತೋರಿಸ್ತಿದೆ, 10 ವರ್ಕಿಂಗ್ ಡೇಸ್‌ನಲ್ಲಿ ಬರುತ್ತೆ" ಅಂದ್ರು. ಸರಿ ಅಂತ ನಂಬ್ದೆ. ಇದರ ಮಧ್ಯೆ 10ನೇ ತಾರೀಕು ಅಮ್ಮನ ಇನ್ಶೂರೆನ್ಸ್ ಪ್ರೀಮಿಯಂ ಅದೇ ಅಕೌಂಟಿಂದ ಹೋಗ್ಬೇಕಿತ್ತು, ಈ 3,870 ಹೋಗಿದ್ರಿಂದ ಬ್ಯಾಲೆನ್ಸ್ ಕಮ್ಮಿಯಾಗಿ ಬೌನ್ಸ್ ಆಯ್ತು, ಅದಕ್ಕೆ ಬ್ಯಾಂಕ್ 250 ಪ್ಲಸ್ ಜಿಎಸ್‌ಟಿ ಸೇರಿಸಿ 295 ರೂಪಾಯಿ ಹಿಡ್ಕೊಳ್ತು. ತಪ್ಪು ಯಾರದೋ, ದಂಡ ನಂದು.

18ಕ್ಕೆ ಬಿ.ಎಚ್. ರೋಡ್‌ನಲ್ಲಿರೋ ಫೈನಾನ್ಸ್‌ನೋರ ಬ್ರಾಂಚಿಗೇ ಹೋದೆ. ಲೋನ್ ಕೊಡುವಾಗ ಬಾಟಲ್ ನೀರು, ಎಸಿ, ಚೇರು ಎಲ್ಲಾ ಇತ್ತು, ಈಗ ನಿಂತ್ಕೊಂಡೇ ಮಾತಾಡ್ಬೇಕಾಯ್ತು. ರೀಫಂಡ್ ಅಂದ್ರೆ ಒಂದು ಲೆಟರ್, ಕ್ಯಾನ್ಸಲ್ಡ್ ಚೆಕ್ಕು, ಬ್ಯಾಂಕ್ ಸ್ಟೇಟ್‌ಮೆಂಟು ಕೊಡಿ, ಎಲ್ಲಾ ಹೆಡ್ ಆಫೀಸಲ್ಲೇ ಆಗೋದು ಅಂದ್ರು. ನಮ್ಮ ದುಡ್ಡು ತಗೊಳ್ಳೋವಾಗ ಇದ್ಯಾವ ಚೆಕ್ಕೂ ಬೇಕಾಗಿರ್ಲಿಲ್ಲ ಅಲ್ವಾ ಅಂತ ಕೇಳ್ದೆ, ಆ ಹುಡುಗ ನಕ್ಕ, ಪಾಪ ಅವನಾದ್ರೂ ಏನ್ ಮಾಡ್ತಾನೆ. ಹೋಗೋವಾಗ ಅವನೇ ಮೆಲ್ಲಗೆ ಹೇಳಿದ್ದು, "ಅಣ್ಣ, ಮ್ಯಾಂಡೇಟ್ ಕ್ಯಾನ್ಸಲ್ ಆಗಿದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಮುಂದಿನ ತಿಂಗಳೂ ಹೋಗುತ್ತೆ." ಆ ಒಂದು ಸ್ಟಾರ್ ಕಂಪನಿಗಲ್ಲ, ಆ ಹುಡುಗನಿಗೆ.

ನನಗೆ ಗೊತ್ತೇ ಇರ್ಲಿಲ್ಲ ನೋಡಿ, ಲೋನ್ ಬೇರೆ, ಮ್ಯಾಂಡೇಟ್ ಬೇರೆ. ಲೋನ್ ತಗೊಳ್ಳುವಾಗ ಹತ್ತಾರು ಸೈನ್ ಹಾಕ್ತೀವಲ್ಲ, ಅದರಲ್ಲಿ ಒಂದು ಹಾಳೆ ನ್ಯಾಚ್ ಮ್ಯಾಂಡೇಟು, ಅಂದ್ರೆ ಇವ್ರು ಕೇಳ್ದಾಗ ನನ್ನ ಅಕೌಂಟಿಂದ ಕೊಟ್ಬಿಡಿ ಅಂತ ನಮ್ಮ ಬ್ಯಾಂಕಿಗೆ ನಾವೇ ಬರ್ಕೊಟ್ಟ ಅಪ್ಪಣೆ. ಮೊದಲು ಇಸಿಎಸ್ ಅಂತಿದ್ರಲ್ಲ, ಈಗ ಅದರ ಜಾಗದಲ್ಲಿ ಇದು, ನಡೆಸೋದು ಎನ್‌ಪಿಸಿಐ, ಯುಪಿಐ ನಡೆಸೋರೇ. ಮನೆಗೆ ಬಂದು ಹಳೇ ಫೈಲ್ ತೆಗೆದು ನೋಡಿದ್ರೆ ನನ್ನ ಮ್ಯಾಂಡೇಟಲ್ಲಿ ಕಂತು 3,870 ಇದ್ರೂ ಮ್ಯಾಕ್ಸಿಮಂ ಅಮೌಂಟ್ 7,740 ಅಂತ ಹಾಕಿದ್ದಾರೆ, ಕೊನೇ ತಾರೀಕು ಎರಡು ವರ್ಷದ ಲೋನಿಗೆ ಐದು ವರ್ಷ! ನಾನೇ ಸೈನ್ ಹಾಕಿರೋದು, ಯಾರನ್ನ ಬೈಯ್ಯೋದು. ಕಾರ್ಡಲ್ಲೋ ಯುಪಿಐ ಆಟೋಪೇಲೋ ಆದ್ರೆ ದುಡ್ಡು ಕಟ್ ಆಗೋಕೆ 24 ಗಂಟೆ ಮುಂಚೆ ಮೆಸೇಜ್ ಬರುತ್ತೆ, ಬೇಡ ಅಂದ್ರೆ ಫೋನಲ್ಲೇ ನಿಲ್ಲಿಸ್ಬಹುದು. ನನ್ನ ಈ ಪೇಪರ್ ಮ್ಯಾಂಡೇಟಿಗೆ ಮೆಸೇಜ್ ಬಂದಿದ್ದು ದುಡ್ಡು ಹೋದ್ಮೇಲೇನೇ.

ಮಾರನೇ ದಿನ 19ಕ್ಕೆ ಬ್ಯಾಂಕಿಗೆ ಹೋದೆ. ಕೌಂಟರ್‌ನೋರು "ಅದು ಕಂಪನಿಯವ್ರೇ ಕ್ಯಾನ್ಸಲ್ ಮಾಡ್ಬೇಕು ಸಾರ್, ನಮ್ಮ ಕೈಲಿಲ್ಲ" ಅಂದ್ರು. ಇದನ್ನ ನೀವೂ ಕೇಳಿರ್ತೀರ, ಇದು ಸುಳ್ಳು. ಅಕೌಂಟ್ ನಮ್ದು, ಅಪ್ಪಣೆ ಕೊಟ್ಟೋರು ನಾವು, ನಮ್ಮ ಬ್ಯಾಂಕಿಗೇ ಬರ್ಕೊಟ್ಟು ಅದನ್ನ ವಾಪಸ್ ತಗೋಬಹುದು. ಲೆಟರಲ್ಲಿ ಯುಎಂಆರ್‌ಎನ್ ನಂಬರ್ ಬರೀಬೇಕು, ಪ್ರತಿ ಮ್ಯಾಂಡೇಟಿಗೂ ಒಂದೊಂದು ಇರುತ್ತೆ, 20 ಅಕ್ಷರದ್ದು, ನಂಗೆ ಎಲ್ಲೂ ಸಿಗ್ಲಿಲ್ಲ, ಕೊನೆಗೆ ಕೌಂಟರ್‌ನೋರೇ ಗೊಣಗ್ಕೊಂಡು ಸಿಸ್ಟಮಲ್ಲಿ ನೋಡಿ ಕೊಟ್ರು. ಎನ್‌ಒಸಿ ಜೆರಾಕ್ಸ್ ಲಗತ್ತಿಸಿ ಎರಡು ಕಾಪಿ ಮಾಡಿ, ಒಂದರ ಮೇಲೆ ಸೀಲು, ತಾರೀಕು, ಸೈನ್ ಹಾಕಿಸ್ಕೊಂಡೆ. ಸೀಲ್ ಹಾಕೋಕೆ ಮುಕ್ಕಾಲು ಗಂಟೆ ಕಾಯ್ಸಿದ್ರು, ಅರ್ಧದಲ್ಲಿ ಬಿಟ್ಟು ಬಂದ್ಬಿಡೋಣ ಅನ್ಸಿತ್ತು. ಬಂದಿದ್ರೆ ಮುಂದಿನ ಕತೆಯೇ ಇರ್ತಿರ್ಲಿಲ್ಲ.

ಮೇ 5. ಮತ್ತೆ 3,870 ಡೆಬಿಟ್!

ಈ ಸಲ ಫೈನಾನ್ಸ್‌ನೋರಿಗೆ ಫೋನೇ ಮಾಡ್ಲಿಲ್ಲ. 6ನೇ ತಾರೀಕು ಸೀಲ್ ಇರೋ ಕಾಪಿ ಹಿಡ್ಕೊಂಡು ಸೀದಾ ಮ್ಯಾನೇಜರ್ ಮೇಡಂ ಕ್ಯಾಬಿನ್‌ಗೆ. ರಾತ್ರಿ ಕೂತು ಹುಡುಕಿದ್ದೆ, ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ಕ್ಕೆ ಒಂದು ಸರ್ಕ್ಯುಲರ್ ಹೊರಡಿಸಿದೆ, ಎಟಿಎಮ್ಮಲ್ಲಿ ದುಡ್ಡು ಬರದೇ ಅಕೌಂಟಲ್ಲಿ ಕಟ್ ಆದ್ರೆ ದಿನಕ್ಕೆ 100 ಕೊಡ್ಬೇಕು ಅಂತಾರಲ್ಲ, ಅದೇ ಸರ್ಕ್ಯುಲರ್. ಅದರಲ್ಲೇ ನ್ಯಾಚ್ ಬಗ್ಗೆನೂ ಇದೆ: ಗ್ರಾಹಕ ಬ್ಯಾಂಕಲ್ಲಿ ಮ್ಯಾಂಡೇಟ್ ವಾಪಸ್ ತಗೊಂಡ್ಮೇಲೂ ಡೆಬಿಟ್ ಆದ್ರೆ ಹೊಣೆ ಗ್ರಾಹಕನ ಬ್ಯಾಂಕಿಂದೇ, ಮಾರನೇ ದಿನದೊಳಗೆ ಸರಿ ಮಾಡ್ಬೇಕು, ಆಮೇಲೆ ತಡ ಆದ ಪ್ರತಿ ದಿನಕ್ಕೂ 100 ರೂಪಾಯಿ, ಅದೂ ಗ್ರಾಹಕ ಕೇಳೋವರೆಗೂ ಕಾಯದೆ ಬ್ಯಾಂಕೇ ಹಾಕ್ಬೇಕು. ಪ್ರಿಂಟ್ ತೆಗೆದು ಆ ಸಾಲಿಗೆ ಪೆನ್ನಲ್ಲಿ ಗೆರೆ ಎಳ್ಕೊಂಡು ಹೋಗಿದ್ದೆ.

ಮೇಡಂ ಪೂರ್ತಿ ಓದಿದ್ರು. ಜಗಳ ಆಡ್ಲಿಲ್ಲ, ಹೆಡ್ ಆಫೀಸ್ ಅಂತ ಕೈ ತೊಳ್ಕೊಳ್ಳಲಿಲ್ಲ, ಹೊರಗೆ ಹೋಗಿ ವಿಚಾರಿಸ್ಕೊಂಡು ಬಂದು "ನಿಮ್ಮ ಲೆಟರ್ ಟ್ರೇನಲ್ಲೇ ಉಳ್ಕೊಂಡಿದೆ, ಎಂಟ್ರಿ ಆಗಿಲ್ಲ, ತಪ್ಪು ನಮ್ದೇ" ಅಂದ್ರು. ಬ್ಯಾಂಕ್ ಕ್ಯಾಬಿನ್ನಲ್ಲಿ ಆ ಮಾತು ಕೇಳಿ ನನಗೆ ಮುಂದೆ ಏನ್ ಮಾತಾಡ್ಬೇಕು ಅಂತನೇ ಮರ್ತೋಯ್ತು, ಜಗಳಕ್ಕೆ ರೆಡಿಯಾಗಿ ಹೋಗಿದ್ದೆ. 9ನೇ ತಾರೀಕು 3,870 ಬಂತು. 6ರೊಳಗೆ ಬರ್ಬೇಕಿತ್ತು, ಮೂರು ದಿನ ಲೇಟು, 300 ಬಾಕಿ ಅಂತ ನಾನೇ ಕೇಳ್ದೆ, ತಾವಾಗೇ ಹಾಕ್ಲಿಲ್ಲ, ಒಂದು ವಾರಕ್ಕೆ ಅದೂ ಬಂತು.

ಆದ್ರೆ ಏಪ್ರಿಲ್ ಕಂತಿಗೆ ಈ ರೂಲ್ ಹೊಂದಲ್ಲ, ಅದು ಹೋಗಿದ್ದು ನಾನು ಮ್ಯಾಂಡೇಟ್ ವಾಪಸ್ ತಗೊಳ್ಳೋಕೆ ಮುಂಚೆ, ಬ್ಯಾಂಕ್ ತನ್ನ ಹತ್ರ ಇದ್ದ ಅಪ್ಪಣೆ ಪ್ರಕಾರನೇ ಕೊಟ್ಟಿದೆ. ಅದನ್ನ ಫೈನಾನ್ಸ್‌ನೋರಿಂದಾನೇ ಕೀಳ್ಬೇಕು. ಅವ್ರ ವೆಬ್‌ಸೈಟಲ್ಲಿ ಕೆಳಗಡೆ ಸಣ್ಣ ಅಕ್ಷರದಲ್ಲಿ ಗ್ರೀವೆನ್ಸ್ ಆಫೀಸರ್, ಅಂದ್ರೆ ದೂರು ನೋಡೋ ಅಧಿಕಾರಿಯ ಮೇಲ್ ಐಡಿ ಇರುತ್ತೆ, ಅದಕ್ಕೆ ಎನ್‌ಒಸಿ, ಸ್ಟೇಟ್‌ಮೆಂಟು, ಹಳೇ ಕಂಪ್ಲೇಂಟ್ ನಂಬರ್ ಹಾಕಿ, ಏಪ್ರಿಲ್ 6ಕ್ಕೆ ದೂರು ಕೊಟ್ಟಿದ್ದೀನಿ, ಇವತ್ತಿಗೆ 30 ದಿನ ಆಯ್ತು, ನಾಳೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹಾಕ್ತೀನಿ ಅಂತ ನಾಲ್ಕೇ ಸಾಲು ಬರೆದೆ. ಒಂಬುಡ್ಸ್‌ಮನ್ ಅಂದ್ರೆ ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಲ್ಲಿ ಕಂಪ್ಲೇಂಟಿಗೆ ಫೀಸಿಲ್ಲ, ಆನ್‌ಲೈನಲ್ಲೇ ಹಾಕ್ಬಹುದು, ಮೊದಲು ಕಂಪನಿಗೆ ದೂರು ಕೊಟ್ಟು 30 ದಿನ ಕಾದಿರ್ಬೇಕು ಅಷ್ಟೇ. ಹಾಕೋ ಪ್ರಮೇಯನೇ ಬರ್ಲಿಲ್ಲ, 12ಕ್ಕೆ ದುಡ್ಡು ಅಕೌಂಟಲ್ಲಿ. ಒಂದು ತಿಂಗಳು "ಪ್ರೋಸೆಸ್‌ನಲ್ಲಿದೆ ಸರ್" ಅಂದಿದ್ದು ಆರು ದಿನದಲ್ಲಿ ಹೆಂಗೆ ಪ್ರೋಸೆಸ್ ಆಯ್ತೋ ಅವ್ರನ್ನೇ ಕೇಳ್ಬೇಕು.

ಇಂಗ್ಲೆಂಡಲ್ಲಿರೋ ನಮ್ಮ ದೊಡ್ಡಪ್ಪನ ಮಗನಿಗೆ ಇದೆಲ್ಲಾ ಹೇಳಿದ್ರೆ ಅವನು ನಗ್ತಾನೆ. ಅಲ್ಲಿ ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಅಂತ ಇದೆಯಂತೆ, ತಪ್ಪು ಕಂಪನಿದಾದ್ರೂ ಸರಿ ಬ್ಯಾಂಕಿಂದಾದ್ರೂ ಸರಿ, ದುಡ್ಡನ್ನ ಮೊದಲು ಬ್ಯಾಂಕೇ ವಾಪಸ್ ಕೊಡ್ಬೇಕು, ಆಮೇಲೆ ಅವ್ರವ್ರು ಬಡಿದಾಡ್ಕೋತಾರೆ. ಸುಳ್ಳು ಹೇಳಿ ತಗೊಂಡ್ರೆ ತಿರುಗಿಸಿ ಕಟ್ಬೇಕು ಅನ್ನೋದೂ ಇದೆ. ನಮ್ಮಲ್ಲಿ ಸೀಲ್ ಇದ್ರೆ ಗ್ಯಾರಂಟಿ, ಇಲ್ಲಾಂದ್ರೆ ಗೋವಿಂದ.

ಬ್ಯಾಂಕಿಗೆ ಎರಡು ಸ್ಟಾರ್ ಯಾಕೆ ಕಟ್ ಅಂದ್ರೆ, ಒಂದು ಕೌಂಟರ್‌ನೋರು ಹೇಳಿದ ಸುಳ್ಳಿಗೆ, ಇನ್ನೊಂದು ಆ 295ಕ್ಕೆ. ಬೌನ್ಸ್ ಚಾರ್ಜ್ ವಾಪಸ್ ಕೊಡಿ ಅಂದ್ರೆ ಮೇಡಂ ಕೂಡ "ಅದು ಸಿಸ್ಟಮ್ ತಾನೇ ಹಾಕಿರೋದು, ತೆಗೆಯೋಕಾಗಲ್ಲ" ಅಂದ್ಬಿಟ್ರು. ಫೈನಾನ್ಸ್‌ನೋರು ಈ 295ರ ಬಗ್ಗೆ ಉತ್ತರನೇ ಕೊಟ್ಟಿಲ್ಲ. ಹಂಗಾಗಿ 300 ಬಂತು, 295 ಹೋಯ್ತು, 5 ರೂಪಾಯಿ ಲಾಭ, ಪೆಟ್ರೋಲು, ಜೆರಾಕ್ಸು, ಮತ್ತೆ ಬ್ಯಾಂಕಿಂದ ಬರ್ತಾ ಖುಷಿಗೆ ಕ್ಯಾತ್ಸಂದ್ರದಲ್ಲಿ ತಿಂದ ತಟ್ಟೆ ಇಡ್ಲಿ ಲೆಕ್ಕಕ್ಕೆ ಹಿಡೀಲಿಲ್ಲ.

ಜೂನ್ 5ಕ್ಕೆ ಆರು ಗಂಟೆಗೇ ಎದ್ದು ಫೋನ್ ನೋಡ್ದೆ, ಏನೂ ಬಂದಿರ್ಲಿಲ್ಲ. ಮುಂದಿನ ವಾರ ಫಾರ್ಮ್ 35 ಹಿಡ್ಕೊಂಡು ಆರ್‌ಸಿಯಿಂದ ಕಂಪನಿ ಹೆಸರು ತೆಗೆಸೋಕೆ ಆರ್‌ಟಿಒ ಆಫೀಸಿಗೆ ಹೋಗ್ಬೇಕು, ಎರಡು ಕಾಪಿ ಈಗ್ಲೇ ಜೆರಾಕ್ಸ್ ಮಾಡ್ಸಿಟ್ಟಿದ್ದೀನಿ.