ಕಾರಿನ ಚಾವಿ ಕೆಲಸ ಕಲಿಯಲು ಪುಣೆಯಲ್ಲಿ ಯಾವ ದಾರಿ ಒಳ್ಳೆಯದು? ನಾನು ಕೂತು ಕಲಿತ ನಾಲ್ಕು ಕಡೆ

ಇಂಡಿ, ಸಿಂದಗಿ, ಅಫಜಲಪುರ ಕಡೆಯಿಂದ ಪುಣೆಗೆ ಹತ್ತಿದ ಪಿಂಪ್ರಿ-ಚಿಂಚವಾಡಕ್ಕೆ ದುಡಿಯಲು ಬರುವ ಹುಡುಗರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಮಾತು: "ಅಣ್ಣಾ, ಕಾರಿನ ಚಾವಿ ಕೆಲಸ ಕಲೀಬೇಕಂತೀನಿ. ಕೋರ್ಸ್ ಸೇರಲ್ಯೋ, ಯಾರದರೆ ಅಂಗಡ್ಯಾಗ ಕೂಡಲ್ಯೋ?" ನಾನು ಎರಡೂ ಕಡೆ ಹೋಗಿದ್ದೇನೆ. ಗುಜರಿಯ ಕೀಲಿ (ಲಾಕ್) ತಂದು ಮನೆಯಲ್ಲಿ ಒಬ್ಬನೇ ಕೂತೂ ಕಲಿತಿದ್ದೇನೆ. ಕೊನೆಗೆ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲೂ ಜಾಗ ಹಿಡಿದಿದ್ದೇನೆ. ಎಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇರುವ ದುಡ್ಡನ್ನು ಒಂದೇ ಕಡೆ ಹಾಕಬೇಕು ಅನ್ನುವ ಪರಿಸ್ಥಿತಿ ಇದ್ದರೆ ಕೋರ್ಸಿಗೆ ಹಾಕಬೇಡಿ.

ಕೆಲಸದ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಗಿರಾಕಿ ಇದ್ದಬದ್ದ ಚಾವಿಯನ್ನೆಲ್ಲ ಕಳೆದುಕೊಂಡು ಬಂದರೆ ಎರಡು ಬೇರೆ ಬೇರೆ ಕೆಲಸ ಆಗಬೇಕು. ಒಂದು ಲೋಹದ್ದು. ಬಾಗಿಲು ಮತ್ತು ಇಗ್ನಿಷನ್ ತಿರುಗುವಂತೆ ಚಾವಿಯ ಬ್ಲೇಡ್ ಕತ್ತರಿಸುವುದು. ಇನ್ನೊಂದು ಚಿಪ್ಪಿನದು. ಚಾವಿಯ ತಲೆಯೊಳಗೆ ಕೂತಿರುವ ಟ್ರಾನ್ಸ್‌ಪಾಂಡರ್ ಚಿಪ್ ಬ್ಯಾಟರಿಯಿಲ್ಲದೆ ಕೆಲಸ ಮಾಡುತ್ತದೆ. ಇಗ್ನಿಷನ್ ಸುತ್ತಲಿನ ಕಾಯಿಲ್ ಹೆಚ್ಚಾಗಿ 125 ಕಿಲೋಹರ್ಟ್ಸ್‌ನಲ್ಲಿ ಹೊರಡಿಸುವ ಅಲೆಯಿಂದಲೇ ಅದು ಶಕ್ತಿ ತೆಗೆದುಕೊಂಡು ಉತ್ತರ ಕೊಡುತ್ತದೆ. ಉತ್ತರ ಸರಿಯಾಗಿದ್ದರೆ ಮಾತ್ರ ಕಳ್ಳತನ ತಡೆಯುವ ಇಮ್ಮೊಬಿಲೈಜರ್ ಎಂಜಿನ್ನಿಗೆ ಅನುಮತಿ ಕೊಡುತ್ತದೆ. ಇಲ್ಲದಿದ್ದರೆ ಕೆಲವು ಕಾರುಗಳಲ್ಲಿ ಸ್ಟಾರ್ಟರೇ ತಿರುಗುವುದಿಲ್ಲ, ಇನ್ನು ಕೆಲವು ಸ್ಟಾರ್ಟ್ ಆದಂತೆ ಮಾಡಿ ಒಂದೆರಡು ಸೆಕೆಂಡಿಗೆ ನಿಂತುಬಿಡುತ್ತವೆ. ಪುಶ್ ಬಟನ್ ಇಲ್ಲದ ಕಾರಿನಲ್ಲಿ ಇಗ್ನಿಷನ್ ಆನ್ ಆಗದ ಹೊರತು ಚಿಪ್ಪನ್ನು ಕಾರಿಗೆ ಹೊಂದಿಸುವ ಪ್ರೋಗ್ರಾಮಿಂಗ್ ಟ್ಯಾಬ್ಲೆಟ್ ಕಾರಿನ ಜೊತೆ ಮಾತೇ ಆಡುವುದಿಲ್ಲ. ಹೀಗಾಗಿ ಲೋಹದ ಕೆಲಸ ಬಾರದವನ ಹತ್ತಿರ ಎಷ್ಟು ದುಬಾರಿ ಟ್ಯಾಬ್ಲೆಟ್ ಇದ್ದರೂ ಅವನು ಬಾಗಿಲ ಹೊರಗೇ ನಿಂತಿರುತ್ತಾನೆ. ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆಗೆ ನಾನು ಉತ್ತರ ಹುಡುಕುವುದು ಇಲ್ಲಿಂದಲೇ.

ಮೊದಲು ಕೂತದ್ದು ಪಿಂಪ್ರಿ ಕ್ಯಾಂಪಿನ ಫುಟ್‌ಪಾತ್ ಮೇಲೆ, ಕಲಬುರಗಿ ಕಡೆಯ ಒಬ್ಬ ಚಾಚಾನ ಹತ್ತಿರ. ಫೀಸು ಅಂತ ಏನೂ ಇರಲಿಲ್ಲ. ಚಹಾ ತರುವುದು, ಪೆಟ್ಟಿಗೆ ಒಳಗಿಡುವುದು, ಅಲ್ಮಾರಿ ಚಾವಿಯ ನಕಲು ಹೊಡೆಯುವುದು, ಬಹಳ ದಿನ ಇಷ್ಟೇ. ಕಾರು ಬರುವುದೇ ಅಪರೂಪ. ಬಂದರೂ ಮಾರುತಿ 800, ಓಮ್ನಿ, ಹಳೆ ಆಲ್ಟೊ. ಬೇಗ ಕಲಿಯುವ ಅವಸರ ಇರುವವರಿಗೆ ಇದು ಹೊಂದುವುದಿಲ್ಲ.

ಆದರೆ ಚಾಚಾ ಕಲಿಸಿದ ವಿದ್ಯೆ ಇನ್ನೆಲ್ಲೂ ಸಿಗಲಿಲ್ಲ. ಹಿತ್ತಾಳೆಯ ಬ್ಲ್ಯಾಂಕನ್ನು, ಅಂದರೆ ಇನ್ನೂ ಕತ್ತರಿಸದ ಚಾವಿಯನ್ನು, ಮೇಣಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡುತ್ತಿದ್ದರು. ಕೀಲಿಯೊಳಗೆ ಹಾಕಿ, ತಿರುಗಿಸುವ ಒತ್ತಡ ಕೊಟ್ಟು, ಮೇಲೆ ಕೆಳಗೆ ಸ್ವಲ್ಪವೇ ಅಲುಗಿಸಿ ಹೊರಗೆ ತೆಗೆಯುವುದು. ಬಿಸಿಲಿಗೆ ಓರೆಯಾಗಿ ಹಿಡಿದರೆ ಆ ಮಸಿಯಲ್ಲಿ ಸಾಸಿವೆಗಿಂತ ಸಣ್ಣ ಹೊಳೆಯುವ ಚುಕ್ಕೆಗಳು. ಎಲ್ಲಿ ಚುಕ್ಕೆ ಇದೆಯೋ ಅಲ್ಲಿ ಒಳಗಿನ ಪತ್ತಿ ಇನ್ನೂ ಸಿಕ್ಕಿಕೊಂಡಿದೆ ಎಂದು ಅರ್ಥ. ಅಷ್ಟೇ ಜಾಗಕ್ಕೆ ನಯವಾದ ಅರ ಆಡಿಸಿ ಮತ್ತೆ ಹೊಗೆ, ಮತ್ತೆ ಕೀಲಿ. ಚುಕ್ಕೆ ಮೂಡುವುದು ನಿಂತ ಜಾಗವನ್ನು ಮತ್ತೆ ಮುಟ್ಟಬಾರದು. "ತಮ್ಮಾ, ಒಂದ ಸಲ ತಿಕ್ಕು, ನೋಡು. ನೋಡಲಾರದ ಎರಡನೇ ಸಲ ತಿಕ್ಕಿದ್ರ ಬ್ಲ್ಯಾಂಕ್ ಹೋತು" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ. ಹೀಗೆ ಚಾವಿ ಹುಟ್ಟಿಸುವುದನ್ನು ಕಲಿತವನಿಗೆ ಕೀಲಿಯ ಒಳಗೆ ಏನಾಗುತ್ತಿದೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಹಳೆಯ, ಅಂಚು ಕೊರೆದ ಚಾವಿಗಳಿಗೆ ನಾನು ಇವತ್ತಿಗೂ ಮಷೀನ್ ಹುಡುಕುವ ಮೊದಲು ಅರ ಹುಡುಕುತ್ತೇನೆ, ಕೆಲಸವೂ ಬೇಗ ಆಗುತ್ತದೆ.

ಅವರ ವಿದ್ಯೆಗೆ ಎಲ್ಲೆಯೂ ಇತ್ತು. ಬ್ಲೇಡಿನ ಅಗಲದಲ್ಲಿ ಹಾವಿನಂತೆ ತೋಡು ಹೋಗುವ ಲೇಸರ್ ಕಟ್ ಚಾವಿಗೆ ಅರ ನಡೆಯುವುದಿಲ್ಲ. ಚಿಪ್ಪಿನ ಗಿರಾಕಿ ಬಂದರೆ ಚಾಚಾ "ಅದು ಕಂಪ್ಯೂಟರ್‌ದವರ ಕೆಲಸ" ಎಂದು ಕಳಿಸಿಬಿಡುತ್ತಿದ್ದರು.

ಗುಜರಿ ಕೀಲಿ ತಂದು ಮನೆಯಲ್ಲಿ ಕಲಿಯುವುದು ಎರಡನೇ ದಾರಿ. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಅತಿ ಹೆಚ್ಚು ಕಲಿಸಿದ್ದು ಇದೇ. ಮಂಗಳವಾರ ಪೇಠೆಯ ಜುನಾ ಬಾಜಾರ್ ಬುಧವಾರ ಮತ್ತು ಭಾನುವಾರ ಕೂಡುತ್ತದೆ. ಬಿಡಿ ಕೀಲಿ, ತುಕ್ಕು ಹಿಡಿದ ಇಗ್ನಿಷನ್, ಮುರಿದ ಡಿಕ್ಕಿ ಲಾಕ್ ಅಲ್ಲಿ ಅಗ್ಗಕ್ಕೆ ಸಿಗುತ್ತವೆ. ಸರಿಯಾದ ಬಿಡಿಭಾಗ ಬೇಕೆಂದರೆ ನಾನಾ ಪೇಠೆ. ಬಾಗಿಲು, ಡಿಕ್ಕಿ, ಇಗ್ನಿಷನ್ ಒಟ್ಟಿಗಿರುವ ಸೆಟ್ ಹುಡುಕಲು ನಾನು ಮುಂಬೈಗೆ, ಕುರ್ಲಾದ ಸಿಎಸ್‌ಟಿ ರಸ್ತೆಗೆ ಹೋಗಿಬರುತ್ತೇನೆ. ಸೆಟ್ ಯಾಕೆ ಬೇಕು ಅಂದರೆ, ಕೆಲವು ಕಾರುಗಳ ಬಾಗಿಲ ಕೀಲಿಯಲ್ಲಿ ಇಗ್ನಿಷನ್ನಿಗಿಂತ ಕಡಿಮೆ ವೇಫರ್ (ಕೀಲಿಯೊಳಗಿನ ಪತ್ತಿ) ಇರುತ್ತವೆ. ಬಾಗಿಲು ತೆರೆದ ಚಾವಿ ಇಗ್ನಿಷನ್ ತಿರುಗಿಸದೆ ಹೋಗುವುದು ಅದಕ್ಕೇ. ಉಳಿದ ಕಟ್‌ಗಳನ್ನು ಲೆಕ್ಕ ಹಾಕಿ ಹುಡುಕುವ ಅಭ್ಯಾಸಕ್ಕೆ ಎರಡೂ ಕೀಲಿ ಹತ್ತಿರ ಇರಬೇಕು.

ಕೀಲಿಯನ್ನು ವೈಸಿಗೆ ಕಟ್ಟಿ, ಮುಚ್ಚಳ ಬಿಚ್ಚಿ, ವೇಫರ್‌ಗಳನ್ನು ಒಂದೊಂದಾಗಿ ಹೊರಗೆ ತೆಗೆದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಉಗುರಿನಷ್ಟು ಹಿತ್ತಾಳೆಯ ಹಲ್ಲೆ, ನಡುವೆ ಕಿಂಡಿ, ಒಂದು ಬದಿಗೆ ಕೂದಲೆಳೆಯ ಸ್ಪ್ರಿಂಗ್. ಬಹಳಷ್ಟರ ಮೇಲೆ 1, 2, 3, 4 ಎಂದು ಅಂಕಿ ಒತ್ತಿರುತ್ತಾರೆ, ಅದೇ ಚಾವಿಯಲ್ಲಿ ಆ ಜಾಗಕ್ಕೆ ಕೊರೆಯಬೇಕಾದ ಆಳ. ಮೊದಲು ಒಂದೇ ವೇಫರ್ ಹಾಕಿ ಪಿಕ್ ಮಾಡಿ (ಚಾವಿಯಿಲ್ಲದೆ ಸಣ್ಣ ಕಡ್ಡಿಯಿಂದ ತೆರೆಯಿರಿ), ಆಮೇಲೆ ಎರಡು, ಮೂರು ಹೀಗೆ ಹೆಚ್ಚಿಸುತ್ತ ಹೋಗಿ. ಯಾವ ವೇಫರ್ ಕೂತಿದೆ, ಯಾವುದು ಸ್ಪ್ರಿಂಗಿನ ಮೇಲೆ ಸುಮ್ಮನೆ ಆಡುತ್ತಿದೆ ಎಂಬ ವ್ಯತ್ಯಾಸ ಹತ್ತುವುದು ಹೀಗೆಯೇ.

ಲಿಶಿ ಕೈಗೆ ತೆಗೆದುಕೊಳ್ಳಬೇಕಾದ್ದು ಇದಾದ ಮೇಲೆ. ಲಿಶಿ ಅಂದರೆ ಪಿಕ್ಕೂ ಅದೇ, ಆಳ ಓದುವ ಅಳತೆಪಟ್ಟಿಯೂ ಅದೇ. ಪ್ರತಿ ಬ್ಲೇಡಿಗೆ ಬೇರೆ ಬೇರೆ: ಪೋಲೋ, ವೆಂಟೋ, ರಾಪಿಡ್‌ಗೆ ಎಚ್‌ಯು 66, ಫೋರ್ಡ್‌ಗೆ ಎಚ್‌ಯು 101, ಹೋಂಡಾಕ್ಕೆ ಎಚ್‌ಒಎನ್ 66. ಕೀಲಿಯನ್ನು ತೆರೆದು, ಅದೇ ಸ್ಥಿತಿಯಲ್ಲಿ ಸೂಜಿಯನ್ನು ಒಂದೊಂದೇ ಗೆರೆಗೆ ತಂದು ಆಳ ಓದಿಕೊಂಡು, ಆ ಅಂಕಿಗಳನ್ನು ಮಷೀನಿಗೆ ಕೊಟ್ಟರೆ ಚಾವಿ ಕತ್ತರಿಸಿ ಬರುತ್ತದೆ. ನನ್ನ ಹತ್ತಿರ ಇರುವುದು ಎಕ್ಸ್‌ಹಾರ್ಸ್‌ನ ಡಾಲ್ಫಿನ್ ಎಂಬ ಮಷೀನ್. ಬ್ಯಾಟರಿ ಒಳಗೇ ಇರುವುದರಿಂದ ಗಿರಾಕಿಯ ಕಾರಿನ ಹತ್ತಿರವೇ ಒಯ್ಯಬಹುದು.

ಅಸಲಿ ಲಿಶಿಗೂ ಅದರ ನಕಲಿಗೂ ಬೆಲೆಯಲ್ಲಿ ಬಹಳ ಅಂತರ. ಎರಡನ್ನೂ ಒಂದೇ ಪೋಲೋ ಬಾಗಿಲ ಕೀಲಿಯ ಮೇಲೆ ಆಡಿಸಿ ನೋಡಿದೆ. ತೆರೆಯುವುದರಲ್ಲಿ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಓದುವುದರಲ್ಲಿ ಕಂಡಿತು. ನಕಲಿಯ ಗೆರೆಗಳು ಒಂದು ಕೂದಲಷ್ಟು ಜರುಗಿದ್ದವು, ಸೂಜಿ 2ಕ್ಕೂ 3ಕ್ಕೂ ನಡುವೆ ನಿಲ್ಲುತ್ತಿತ್ತು. ಎಂಟು ವೇಫರ್‌ಗಳಲ್ಲಿ ಒಂದನ್ನು ತಪ್ಪು ಓದಿದರೂ ಬ್ಲ್ಯಾಂಕ್ ಹಾಳು, ರಸ್ತೆ ಬದಿಯ ಬಿಸಿಲಲ್ಲಿ ನಿಂತ ಗಿರಾಕಿಯ ನಂಬಿಕೆಯೂ ಹಾಳು. ಅಭ್ಯಾಸಕ್ಕೆ ನಕಲಿ ಸಾಕು, ದುಡಿಮೆಗೆ ಅಸಲಿಯೇ ಬೇಕು. ಫೋರ್ಡ್ ಭಾರತದಲ್ಲಿ ಕಾರು ತಯಾರಿ ನಿಲ್ಲಿಸುವುದಾಗಿ 2021ರಲ್ಲಿ ಹೇಳಿದ ಮೇಲೂ ಫಿಗೋ, ಇಕೋಸ್ಪೋರ್ಟ್ ರಸ್ತೆಯಿಂದ ಮಾಯವಾಗಿಲ್ಲ. ಎಚ್‌ಯು 101ಕ್ಕೆ ಹಾಕಿದ ದುಡ್ಡು ವ್ಯರ್ಥವಾಗುವುದಿಲ್ಲ.

ಮನೆಯಲ್ಲಿ ಕಲಿಯುವವರು ವಿಡಿಯೋ ನೋಡುತ್ತಾರೆ, ನಾನೂ ನೋಡಿದೆ. ಅವುಗಳಲ್ಲಿ ಹೆಚ್ಚಿನವು ಅಮೆರಿಕ, ಬ್ರಿಟನ್ನಿನ ಕಾರಿನವು. ಅಲ್ಲಿಯ ಕೀಲಿ ಶುಚಿಯಾಗಿರುತ್ತದೆ. ಮುಂಬೈ, ಕೊಂಕಣದಿಂದ ಬಂದ ಕಾರಿನ ಬಾಗಿಲ ಕೀಲಿ ಮಳೆ ಮತ್ತು ಉಪ್ಪುಗಾಳಿಗೆ ಹಿಡಿದುಕೊಂಡಿರುತ್ತದೆ. ಚಾಲಕರು ಬಟನ್ ಒತ್ತಿಯೇ ತೆರೆಯುವುದರಿಂದ ವರ್ಷಗಟ್ಟಲೆ ಅದರೊಳಗೆ ಚಾವಿ ಹೋಗಿರುವುದೇ ಇಲ್ಲ. ಮೊದಲು ಸ್ಪ್ರೇ ಹೊಡೆದು ಕೊಳೆ ಹೊರಗೆ ಬರುವ ತನಕ ಕಾಯಬೇಕು. ಇದನ್ನು ಯಾವ ವಿಡಿಯೋದಲ್ಲೂ ನಾನು ನೋಡಲಿಲ್ಲ.

ಮೂರನೆಯದು ಕೋರ್ಸ್. ಹೆಸರು ಬೇಡ. ಕೆಲವೇ ದಿನದ ತರಬೇತಿ, ದೊಡ್ಡ ಫೀಸು, ಕೊನೆಗೆ ಚೌಕಟ್ಟು ಹಾಕಿಸುವಂಥ ಪ್ರಮಾಣಪತ್ರ. ಕೋಣೆ ತುಂಬ ಜನ, ಟ್ಯಾಬ್ಲೆಟ್ ಒಂದೇ. ಅಭ್ಯಾಸಕ್ಕಿಟ್ಟ ಕಾರಿನ ಚಾಲ್ತಿ ಚಾವಿ ಬೋಧಕರ ಜೇಬಿನಲ್ಲೇ ಇತ್ತು. ಒಂದು ಚಾವಿ ಕೈಯಲ್ಲಿದ್ದು ಇನ್ನೊಂದನ್ನು ಸೇರಿಸುವುದು ಸುಲಭದ ಕೆಲಸ. ಒಂದೂ ಇಲ್ಲದಾಗ ಏನು ಮಾಡಬೇಕು ಎಂಬುದು ಅಲ್ಲಿ ಪರದೆಯ ಮೇಲಿನ ಚಿತ್ರಕ್ಕೇ ಮುಗಿಯಿತು. ಅಷ್ಟು ಹಣ ಪಡೆದವರು ಪ್ರತಿ ವಿದ್ಯಾರ್ಥಿಯ ಕೈಗೂ ಒಂದು ಕೀಲಿ ಕೊಡಬೇಕಿತ್ತು. ಊರಲ್ಲಿ ಸಾಲ ಮಾಡಿ ಬಂದ ಹುಡುಗರು ಆ ಕೋಣೆಯಲ್ಲಿ ಹಿಂದಿನ ಸಾಲಿನಲ್ಲಿ ಕತ್ತು ಉದ್ದ ಮಾಡಿ ನೋಡುತ್ತಿದ್ದುದು ನೆನಪಾದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಉಪಯೋಗವೇ ಆಗಲಿಲ್ಲ ಅನ್ನಲಾರೆ. ಕೆಲಸದ ಕ್ರಮ ಅಲ್ಲೇ ಸ್ಪಷ್ಟವಾಯಿತು. ಟ್ಯಾಬ್ಲೆಟ್ ಸಿಕ್ಕಿಸುವ ಒಬಿಡಿ ಸಾಕೆಟ್ಟಿನಲ್ಲಿ 16ನೇ ಪಿನ್ ಬ್ಯಾಟರಿಯ ಧನ, 4 ಮತ್ತು 5 ಅರ್ಥಿಂಗ್, 6 ಮತ್ತು 14 ಕ್ಯಾನ್, 7 ಕೆ-ಲೈನ್ (ಇವು ಟ್ಯಾಬ್ಲೆಟ್ ಕಾರಿನ ಜೊತೆ ಮಾತಾಡುವ ತಂತಿಗಳು). ಟ್ಯಾಬ್ಲೆಟ್ "ಸಂಪರ್ಕ ಸಿಗುತ್ತಿಲ್ಲ" ಎಂದಾಗ ಗಾಬರಿಯಾಗದೆ ಮಲ್ಟಿಮೀಟರ್ ಹಿಡಿದು ಮೊದಲು ನೋಡಬೇಕಾದ್ದು ಇಷ್ಟನ್ನೇ. ಪ್ರೋಗ್ರಾಮಿಂಗ್ ನಡುವೆ ವೋಲ್ಟೇಜ್ ಕುಸಿಯದಂತೆ ಬ್ಯಾಟರಿಗೆ ಹೊರಗಿನ ಆಧಾರ ಕೊಡುವುದು, ಪಕ್ಕದ ಏರ್‌ಬ್ಯಾಗಿನ ವೈರು ಇರುವ ಬಾಗಿಲೊಳಗೆ ಲಾಕ್ ತೆರೆಯುವ ಲೋಹದ ಪಟ್ಟಿ ತೂರಿಸದಿರುವುದು, ಅದರ ಬದಲು ಗಾಳಿಚೀಲದಿಂದ ಬಾಗಿಲು ಸಂದು ಮಾಡಿ ಉದ್ದ ಸಲಾಕೆ ಬಳಸುವುದು, ಇವನ್ನೂ ಚೆನ್ನಾಗಿ ಹೇಳಿದರು. ಕಾರಿನ ಮೆಮೊರಿಯಲ್ಲಿ ಹೊಸದಾಗಿ ಎಲ್ಲ ಚಾವಿ ಬರೆಸಿದಾಗ ಬಹಳ ಕಾರುಗಳಲ್ಲಿ ಹಳೆಯವು ಅಳಿಸಿಹೋಗುತ್ತವೆ, ಆದ್ದರಿಂದ ಮನೆಯಲ್ಲಿರುವ ಚಾವಿಯನ್ನೂ ಗಿರಾಕಿ ತರಬೇಕು ಎಂಬುದು ಅಲ್ಲಿ ಗೊತ್ತಾಯಿತು. ಲೋಹದ ಕೆಲಸ ಕೈಗೆ ಹತ್ತಿದ ಮೇಲೆ ಹೋದರೆ ಕೋರ್ಸಿಗೆ ಬೆಲೆ ಇದೆ. ಅದಕ್ಕೆ ಮೊದಲು ಹೋದವನು ಪ್ರಶ್ನೆ ಕೇಳಲೂ ಆರ.

ಮಷೀನ್ ಮಾರುವವರು ಕೊಡುವ ಉಚಿತ ತರಬೇತಿಗೂ ಹೋಗಿದ್ದೇನೆ. ಅವರ ಮಷೀನಿನ ಮೆನು ಕಲಿಯಬಹುದು, ಅಷ್ಟೇ.

ನಾಲ್ಕನೆಯದನ್ನು ಯಾರೂ ಹೇಳುವುದಿಲ್ಲ: ಮೊಬೈಲ್ ರಿಪೇರಿ ಅಂಗಡಿ. ಚಿಂಚವಾಡದಲ್ಲಿ ವಿಜಯಪುರದ ನಮ್ಮ ಪೈಕಿ ಹುಡುಗನೊಬ್ಬನ ಅಂಗಡಿಯಲ್ಲಿ ಸಂಜೆ ಹೊತ್ತು ಕೂತು ಸೋಲ್ಡರಿಂಗ್ ಕಲಿತೆ. ಅವನಿಗೆ ಕಾರಿನ ಗಂಧವೂ ಇಲ್ಲ, ಆದರೆ ಬೋರ್ಡಿನ ಮೇಲೆ ಕೈ ಸ್ಥಿರ. ಒಬಿಡಿಯಿಂದ ಕೆಲಸ ಆಗದ ಕಾರಿನಲ್ಲಿ ಇಮ್ಮೊಬಿಲೈಜರ್ ಬಾಕ್ಸನ್ನೋ ಮೀಟರನ್ನೋ ಬಿಚ್ಚಿ, 93ಸಿ56, 24ಸಿ02ನಂಥ ಎಂಟು ಕಾಲಿನ ಇಇಪ್ರಾಮ್ (ಚಾವಿಯ ಮಾಹಿತಿ ಇರುವ ಮೆಮೊರಿ) ಚಿಪ್ ಓದಬೇಕಾಗುತ್ತದೆ. ಕ್ಲಿಪ್ ಸಿಕ್ಕಿಸಿ ಬೋರ್ಡಿನ ಮೇಲೇ ಓದುವುದನ್ನು ಕೋರ್ಸಿನಲ್ಲಿ ತೋರಿಸಿದ್ದರು. ಅದು ಎಷ್ಟೋ ಸಲ ಕೈಕೊಡುತ್ತದೆ, ಏಕೆಂದರೆ ಕ್ಲಿಪ್ಪಿನ ವಿದ್ಯುತ್ತನ್ನು ಬೋರ್ಡಿನ ಉಳಿದ ಭಾಗಗಳೂ ಎಳೆದುಕೊಳ್ಳುತ್ತವೆ. ಈ ಹುಡುಗ ಕಲಿಸಿದ್ದು ಬಿಸಿಗಾಳಿಯಿಂದ ಚಿಪ್ಪನ್ನು ಪಕ್ಕದ ಪ್ಲಾಸ್ಟಿಕ್ ಕರಗದಂತೆ ಎತ್ತುವುದು, ಒಂದನೇ ಕಾಲಿನ ಚುಕ್ಕೆ ನೋಡಿ ಕೂರಿಸುವುದು. ಎರಡು ಸಲ ಓದಿ ಎರಡೂ ಫೈಲ್ ತಾಳೆ ನೋಡುವುದು, ಮೂಲ ಫೈಲನ್ನು ಬೇರೆ ಕಡೆ ಉಳಿಸದೆ ಏನನ್ನೂ ಬರೆಯದಿರುವುದು ನನ್ನ ನಿಯಮ. ಕೋರ್ಸಿಗೂ ಈ ಅಂಗಡಿಗೂ ಹೋಲಿಸಿದರೆ ಚಿಪ್ಪಿನ ವಿಷಯದಲ್ಲಿ ನಾನು ಯೋಚನೆಯೇ ಮಾಡದೆ ಅಂಗಡಿಯನ್ನು ಆರಿಸುತ್ತೇನೆ.

ಚಾವಿಯೊಳಗಿನ ಚಿಪ್ಪಿನ ಹಿನ್ನೆಲೆ ಮಾತ್ರ ಎಲ್ಲೂ ಕಲಿಸಲಿಲ್ಲ, ಓದಿಕೊಳ್ಳಬೇಕಾಯಿತು. ನಮ್ಮ ಕೆಲಸದಲ್ಲಿ ಐಡಿ 46 ಅನ್ನುವ ಚಿಪ್ ಹೈಟ್ಯಾಗ್ 2, ಅದರ ಗುಪ್ತಸಂಕೇತ 48 ಬಿಟ್. ಅದರ ದೌರ್ಬಲ್ಯವನ್ನು ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಐಡಿ 48 ಅನ್ನುವುದು ಮೆಗಾಮೋಸ್, 96 ಬಿಟ್. ಅದರ ಬಗ್ಗೆ ಸಂಶೋಧಕರಾದ ವರ್ಡುಲ್ಟ್, ಗಾರ್ಸಿಯಾ, ಎಗೆ ಬರೆದ ಲೇಖನವನ್ನು ಫೋಕ್ಸ್‌ವ್ಯಾಗನ್ ಕೋರಿಕೆಯ ಮೇಲೆ ಬ್ರಿಟನ್ನಿನ ಹೈಕೋರ್ಟ್ 2013ರಲ್ಲಿ ತಡೆಯಿತು. ಅದು ಹೊರಬಂದದ್ದು 2015ರಲ್ಲಿ. ಇದು ಗೊತ್ತಿದ್ದರೆ ಯಾವ ಚಾವಿಯ ನಕಲು ಮಾಡಲು ಬರುತ್ತದೆ, ಯಾವುದನ್ನು ಕಾರಿನಲ್ಲೇ ಬರೆಸಬೇಕು ಎಂದು ಗಿರಾಕಿಗೆ ಧೈರ್ಯವಾಗಿ ಹೇಳಬಹುದು.

ಇನ್ನೊಂದು ವಿಷಯದಲ್ಲಿ ಚಾಚಾನೇ ಎಲ್ಲರಿಗಿಂತ ಮೇಲು. ಆರ್‌ಸಿ ಮತ್ತು ಗುರುತಿನ ಚೀಟಿ ನೋಡದೆ ಅವರು ಗಾಡಿಗೆ ಕೈ ಹಚ್ಚಿದ್ದನ್ನು ನಾನು ಕಾಣೆ. ನೋಟ್‌ಬುಕ್ಕಿನಲ್ಲಿ ಗಾಡಿ ನಂಬರು, ಗಿರಾಕಿಯ ಸಹಿ. ಕೂಸು ಒಳಗೆ ಸಿಕ್ಕಿಕೊಂಡಾಗ ಮಾತ್ರ ಮೊದಲು ಬಾಗಿಲು, ಆಮೇಲೆ ಕಾಗದ. ಕೋರ್ಸಿನಲ್ಲಿ ಇದರ ಬಗ್ಗೆ ಒಂದು ಮಾತೂ ಬರಲಿಲ್ಲ.

ಹಾಗಾದರೆ ನನ್ನನ್ನು ಕೇಳುವ ಹುಡುಗರಿಗೆ ನಾನು ಹೇಳುವ ಕ್ರಮ: ಬೆಳಗ್ಗೆ ಫುಟ್‌ಪಾತಿನ ಉಸ್ತಾದರ ಹತ್ತಿರ, ಸಂಜೆ ಮೊಬೈಲ್ ಅಂಗಡಿಯಲ್ಲಿ, ಭಾನುವಾರ ಜುನಾ ಬಾಜಾರ್. ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಓದಿದವರಿಗೆ ಡ್ಯಾಶ್‌ಬೋರ್ಡ್ ಬಿಚ್ಚುವ ಭಯ ಇರುವುದಿಲ್ಲ, ಅವರು ಇನ್ನೂ ಬೇಗ ಮುಂದೆ ಬರುತ್ತಾರೆ. ಟ್ಯಾಬ್ಲೆಟ್ ಎಲ್ಲಕ್ಕಿಂತ ಕೊನೆಗೆ ಕೊಳ್ಳಿ. ಅಲ್ಲಿಯ ತನಕ ಇರುವವರ ಜೊತೆ ಪಾಲಿನಲ್ಲಿ ಕೆಲಸ ಮಾಡಿ. ಸೆಕ್ಯುರಿಟಿ ಗೇಟ್‌ವೇ (ಹೊರಗಿನ ಟ್ಯಾಬ್ಲೆಟ್ಟನ್ನು ಒಳಗೆ ಬಿಡದ ತಡೆ) ಇರುವ ಹೊಸ ಕಾರುಗಳನ್ನು ಈ ನಾಲ್ಕು ಕಡೆಯೂ ಯಾರೂ ನನಗೆ ಕಲಿಸಲಿಲ್ಲ. ಅಂಥ ಗಿರಾಕಿ ಬಂದರೆ ಆರ್‌ಸಿ, ಆಧಾರ್ ಎರಡನ್ನೂ ತೆಗೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ ಎಂದು ಹೇಳಿ ಕಳಿಸುತ್ತೇನೆ.