ಅತ್ತೆಯವರ ಪೇಸ್‌ಮೇಕರ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ನಮ್ಮ ಮನೆಯ ಬಿಪಿ ಮಿಷನ್ ಕೆಟ್ಟಿದೆಯೆಂದು ನಾವು ಎರಡು ದಿನ ನಂಬಿದ್ದೆವು. 71 ವರ್ಷದ ಅತ್ತೆಯವರ ರಕ್ತದೊತ್ತಡ ನೋಡಿದಾಗಲೆಲ್ಲ ಪರದೆಯ ಕೊನೆಯ ಸಾಲಿನಲ್ಲಿ 36 ಅಥವಾ 38 ಎಂದು ಬರುತ್ತಿತ್ತು. ಸೆಲ್ ಬದಲಿಸಿದರೂ ಅಂಕಿ ಮೇಲೇರಲಿಲ್ಲ. ಮೇಲಿನ ಎರಡು ಅಂಕಿಗಳನ್ನಷ್ಟೇ ಡೈರಿಯಲ್ಲಿ ಬರೆದುಕೊಳ್ಳುವ ರೂಢಿಯಿದ್ದ ನಮಗೆ, ಮೂರನೆಯದು ನಾಡಿಬಡಿತವೆಂದು ಗೊತ್ತಿದ್ದರೂ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ತೋಚಿರಲಿಲ್ಲ. ಮೂರನೆಯ ದಿನ ದೇವರ ಮನೆಯಿಂದ ಎದ್ದು ಬರುವಾಗ ಅವರು ಕಣ್ಣು ಕತ್ತಲಿಟ್ಟು ಬಾಗಿಲಿಗೆ ಒರಗಿ ಕುಸಿದರು. ಮುಂದೆ ಅವರ ಎದೆಯಲ್ಲಿ ಅಳವಡಿಸಿದ, ವಿದ್ಯುತ್ ಸಂಕೇತದಿಂದ ಹೃದಯದ ಬಡಿತವನ್ನು ಕಾಯುವ ಎರಡು ತಂತಿಯ ಪೇಸ್‌ಮೇಕರ್ ಹಾಗೂ ಅದರ ಜೊತೆಗೆ ದೊರೆತ ಸೇವೆಯ ಕುರಿತು ಈ ಬರಹ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಅದಕ್ಕಿಂತ ಕಡಿಮೆಯಾದ ಮಾತ್ರಕ್ಕೆ ಕಾಯಿಲೆಯೆಂದಲ್ಲ. ನಿತ್ಯ ಓಡುವವರಲ್ಲಿ, ಗಾಢ ನಿದ್ದೆಯಲ್ಲಿ 50ಕ್ಕಿಂತ ಕೆಳಗೆ ಇಳಿಯುವುದೂ ಉಂಟು. ಆದರೆ ಅತ್ತೆಯವರ ಇಸಿಜಿಯಲ್ಲಿ ಕಂಡದ್ದು ಬೇರೆಯೇ ಕಥೆ. ಮೇಲಿನ ಕೋಣೆಗಳಾದ ಹೃತ್ಕರ್ಣಗಳು 80ರ ಆಸುಪಾಸಿನಲ್ಲಿ ಬಡಿಯುತ್ತಿದ್ದರೆ, ಕೆಳಗಿನ ಹೃತ್ಕುಕ್ಷಿಗಳು ಆ ಲಯದ ಹಂಗೇ ಇಲ್ಲದೆ ತಮ್ಮ ಪಾಡಿಗೆ 36ರಲ್ಲಿ ನಡೆದಿದ್ದವು. ಬಲ ಹೃತ್ಕರ್ಣದಲ್ಲಿರುವ ಸೈನಸ್ ನೋಡ್‌ನಲ್ಲಿ ಹುಟ್ಟುವ ವಿದ್ಯುತ್ ಸಂಕೇತ, ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕೊಂಡಿಯಾದ ಎವಿ ನೋಡ್ ದಾಟಿ ಕೆಳಗಿಳಿಯಬೇಕು. ಆ ದಾರಿಯೇ ಮುಚ್ಚಿಹೋಗಿತ್ತು. ಇದಕ್ಕೆ ಕಂಪ್ಲೀಟ್ ಹಾರ್ಟ್ ಬ್ಲಾಕ್ ಎನ್ನುತ್ತಾರೆ.

ವೈದ್ಯರು ಒಮ್ಮೆಲೇ ಪೇಸ್‌ಮೇಕರ್ ಮಾತೆತ್ತಲಿಲ್ಲ ಎಂಬುದನ್ನು ಮೆಚ್ಚಿ ಹೇಳಬೇಕು. ಕತ್ತಿನ ರಕ್ತನಾಳದ ಮೂಲಕ ತಾತ್ಕಾಲಿಕ ತಂತಿ ಇಳಿಸಿ ಬಡಿತವನ್ನು ಕಾಯ್ದುಕೊಂಡು, ಸರಿಪಡಿಸಬಹುದಾದ ಕಾರಣಗಳನ್ನು ಅವರು ಮೊದಲು ಹುಡುಕಿದರು. ರಕ್ತದೊತ್ತಡಕ್ಕೆಂದು ಅತ್ತೆಯವರು ವರ್ಷಗಳಿಂದ ನುಂಗುತ್ತಿದ್ದ ಅಟೆನೊಲಾಲ್ ಮಾತ್ರೆ ಹೃದಯದ ವೇಗವನ್ನು ತಗ್ಗಿಸುವಂಥದ್ದು. ಮೂತ್ರಪಿಂಡ ಸೋತಿದ್ದರೆ ಅದು ದೇಹದಲ್ಲಿ ಉಳಿದುಕೊಳ್ಳುತ್ತದೆ. ಅದನ್ನು ನಿಲ್ಲಿಸಿ ನಾಲ್ಕು ದಿನ ಕಾದರು. ಥೈರಾಯ್ಡ್ ಮತ್ತು ಪೊಟ್ಯಾಸಿಯಂ ಪರೀಕ್ಷೆಗಳಾದವು, ಹೃದಯಾಘಾತ ಆಗಿಲ್ಲವೆಂದು ಖಚಿತಪಡಿಸಿಕೊಂಡರು. 'ಅಮ್ಮ, ಕಣ್ಣಿಗೆ ಏನಾದರೂ ಹನಿ ಹಾಕ್ತೀರಾ?' ಎಂಬ ಪ್ರಶ್ನೆ ಮಾತ್ರ ನಮಗೆ ವಿಚಿತ್ರವೆನಿಸಿತು. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿಯೂ ರಕ್ತಕ್ಕೆ ಸೇರಿ ಬಡಿತವನ್ನು ಇಳಿಸಬಲ್ಲದಂತೆ. ಹಳ್ಳಿಯ ಬೇಲಿಗಳಲ್ಲಿ ಕಾಣುವ ಹಳದಿ ಕಣಗಿಲೆಯ ಬೀಜ ತಿಂದವರಿಗೂ ಇಂಥದೇ ಬ್ಲಾಕ್ ಆಗುತ್ತದೆಂದು ಅವರಿಂದಲೇ ತಿಳಿಯಿತು. ಐದನೆಯ ದಿನವೂ ದಾರಿ ತೆರೆಯಲಿಲ್ಲ. ವಯಸ್ಸಿನೊಂದಿಗೆ ಆ ನರದಂಥ ತಂತುಗಳು ಗಟ್ಟಿಯಾಗಿ ಸವೆದಿವೆ, ಇದಕ್ಕೆ ಮಾತ್ರೆಯಿಲ್ಲ ಎಂದರು.

ಶಸ್ತ್ರಚಿಕಿತ್ಸೆ ಎಂಬ ಪದಕ್ಕೆ ನಾವು ಹೆದರಿದ್ದಷ್ಟು ದೊಡ್ಡದಾಗಿರಲಿಲ್ಲ. ಎಡ ಕೊರಳೆಲುಬಿನ ಕೆಳಗೆ ಚರ್ಮ ಮರಗಟ್ಟಿಸಿ, ಒಂದು ಪುಟ್ಟ ಜೇಬು ಮಾಡಿ, 30 ಗ್ರಾಂ ಕೂಡ ತೂಗದ ಪೆಟ್ಟಿಗೆಯನ್ನು ಕೂರಿಸಿದರು. ಒಂದು ತಂತಿ ಬಲ ಹೃತ್ಕರ್ಣಕ್ಕೆ, ಇನ್ನೊಂದು ಬಲ ಹೃತ್ಕುಕ್ಷಿಗೆ. ಒಂದೇ ತಂತಿಯದು ಅಗ್ಗವಾಗಿ ಸಿಗುತ್ತಿತ್ತು, ಆದರೆ ಮೇಲಿನ ಕೋಣೆಯ ಲಯ ಚೆನ್ನಾಗಿರುವಾಗ ಅದನ್ನು ಆಲಿಸಿ ಕೆಳಗಿನದನ್ನು ಜೊತೆಯಲ್ಲೇ ಬಡಿಸುವ ಎರಡು ತಂತಿಯದೇ ಸೂಕ್ತವೆಂಬ ಸಲಹೆಯನ್ನು ಒಪ್ಪಿಕೊಂಡೆವು. ಮೆಟ್ಟಿಲು ಹತ್ತಿದರೆ ಅವರ ನಾಡಿ ತಾನಾಗಿ ಏರುವುದನ್ನು ಕಂಡಮೇಲೆ ಆ ಹೆಚ್ಚಿನ ಹಣ ದಂಡವೆನಿಸಿಲ್ಲ. 1958ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್‌ಗೆ ದೇಹದೊಳಗೆ ಕೂರಿಸಿದ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆಗಳಲ್ಲಿ ನಿಂತುಹೋಗಿತ್ತು. ಒಂದರ ಮೇಲೊಂದರಂತೆ 26 ಸಾಧನಗಳ ಬಲದಿಂದ ಅವರು 2001ರವರೆಗೆ ಬದುಕಿ, ಅದನ್ನು ರೂಪಿಸಿದ ಎಂಜಿನಿಯರ್‌ ಮತ್ತು ಅಳವಡಿಸಿದ ಸರ್ಜನ್ ಇಬ್ಬರಿಗಿಂತಲೂ ಹೆಚ್ಚು ಕಾಲ ಉಳಿದರು. ಅತ್ತೆಯವರ ಸಾಧನದ ಬ್ಯಾಟರಿಗೆ ಇನ್ನೂ ಒಂಬತ್ತು ವರ್ಷವಿದೆಯೆಂದು ಕಳೆದ ತಪಾಸಣೆ ತೋರಿಸಿತು.

ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ತಲೆಸುತ್ತಿಲ್ಲ. ನಾಡಿ 60ರ ಕೆಳಗೆ ಇಳಿದಿಲ್ಲ. ಇದು ಬಡಿತವನ್ನಷ್ಟೇ ಕಾಯುತ್ತದೆ, ಹೃದಯಾಘಾತವನ್ನು ತಡೆಯುವುದಿಲ್ಲ; ಆದ್ದರಿಂದ ಬಿಪಿಯ ಚಿಕಿತ್ಸೆ ಬೇರೆ ಮಾತ್ರೆಯಲ್ಲಿ ಮುಂದುವರಿದಿದೆ. ಸಾಧನದ ಮಟ್ಟಿಗೆ ನನ್ನ ದೂರೇನೂ ಇಲ್ಲ.

ದೂರಿರುವುದು ಅದರ ಜೊತೆ ಬಂದ ಮಾಹಿತಿಯ ಬಗ್ಗೆ. ಕಂಪನಿಯ ಪ್ರತಿನಿಧಿ ದಪ್ಪನೆಯ ಇಂಗ್ಲಿಷ್ ಪುಸ್ತಿಕೆಯೊಂದನ್ನು ಕೊಟ್ಟು, 'ಎಲ್ಲಾ ಇದರಲ್ಲಿದೆ ಸರ್' ಎಂದು ಹೊರಟರು. ಸಾಧನವನ್ನು ಹೊತ್ತು ಬದುಕಬೇಕಾದ ಅತ್ತೆಯವರು ಕನ್ನಡ ಮಾತ್ರ ಓದಬಲ್ಲರು. ಮೊದಲ ಕೆಲವು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆತ್ತಬಾರದೆಂಬುದು ಅವರಿಗೆ ತಿಳಿದದ್ದು ಬಟ್ಟೆ ಒಣಗಿಸುವ ತಂತಿಯ ಮೇಲೆ ಸೀರೆ ಹರವಲು ಹೋದಾಗ ನರ್ಸ್ ಆಗಿರುವ ಪಕ್ಕದ ಮನೆಯವರು ಕೂಗಿ ತಡೆದದ್ದರಿಂದ. ಹೃದಯದೊಳಗಿನ ತಂತಿ ಜಾಗ ಬಿಟ್ಟು ಸರಿದಿದ್ದರೆ ಮತ್ತೆ ಎದೆ ಕೊಯ್ಯಬೇಕಾಗುತ್ತಿತ್ತು. ಮೊಬೈಲನ್ನು ಎಡ ಜೇಬಿನಲ್ಲಿಡದೆ ಸಾಧನದಿಂದ 15 ಸೆಂಟಿಮೀಟರ್ ದೂರವಿಡಬೇಕು, ಇಂಡಕ್ಷನ್ ಒಲೆಯಿಂದ ಎರಡಡಿ ಹಿಂದೆ ನಿಲ್ಲಬೇಕು, ವಿಮಾನ ನಿಲ್ದಾಣದಲ್ಲಿ ಪೇಸ್‌ಮೇಕರ್‌ನ ಗುರುತಿನ ಚೀಟಿ ತೋರಿಸಬೇಕು, ಎಂಆರ್‌ಐಗೆ ಮುನ್ನ ಪೆಟ್ಟಿಗೆ ಹಾಗೂ ತಂತಿ ಎರಡೂ ಅದಕ್ಕೆ ಒಗ್ಗುವವೇ ಎಂದು ವಿಚಾರಿಸಬೇಕು: ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚಾದೀತು? ನಮ್ಮಲ್ಲಿ ಆ ಹಾಳೆಯನ್ನು ನಾನೇ ಬರೆದು ಅಡುಗೆಮನೆಯಲ್ಲಿ ಅಂಟಿಸಿದ್ದೇನೆ. ಇಂಡಕ್ಷನ್ ಒಲೆ ಈಗ ಅಟ್ಟದ ಮೇಲಿದೆ.

ಒಂದು ವಿಷಯವನ್ನು ಪುಸ್ತಿಕೆಯ ಕೊನೆಯಲ್ಲೆಲ್ಲೋ ಓದಿ ಹೇಳಲು ನಾನು ಹಿಂಜರಿದಿದ್ದೆ: ದಹನಕ್ಕೆ ಮುನ್ನ ಪೇಸ್‌ಮೇಕರನ್ನು ದೇಹದಿಂದ ತೆಗೆಯಬೇಕು, ಇಲ್ಲವಾದರೆ ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಕಳೆದ ತಪಾಸಣೆಯ ದಿನ ಅತ್ತೆಯವರೇ ಟೆಕ್ನಿಷಿಯನ್‌ನನ್ನು ಕೇಳಿ ತಿಳಿದುಕೊಂಡು ಬಂದು, ಗುರುತಿನ ಚೀಟಿಯ ಹಿಂದೆ ದುಂಡು ಅಕ್ಷರಗಳಲ್ಲಿ ಬರೆದಿಟ್ಟಿದ್ದಾರೆ: 'ನಾನು ಹೋದ ಮೇಲೆ ಇದನ್ನು ತೆಗೆಸಿ. ಮರೆಯಬೇಡಿ.'