ಮದುವೆ ದಿನ ‘ಎಲ್ಲಾ ಅವರೇ ನೋಡ್ಕೊಳ್ತಾರೆ’ ಅಂತ ಬಿಡುವ ಮುಂಚೆ

ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ದಿನದ ಓಡಾಟವನ್ನು ನಂಬಿಕಸ್ಥರೊಬ್ಬರಿಗೆ ಒಪ್ಪಿಸಬೇಡಿ ಅಂತ ನಾನು ಹೇಳುವುದಿಲ್ಲ. ಒಪ್ಪಿಸಲೇಬೇಕು, ಇಲ್ಲದಿದ್ದರೆ ಮನೆಯವರು ಮದುವೆಯನ್ನೇ ನೋಡುವುದಿಲ್ಲ. ಆದರೆ ಹಣ, ಫೋನ್ ನಂಬರ್, ಹೂಂ ಅನ್ನುವ ಅಧಿಕಾರ, ಈ ಮೂರೂ ಒಬ್ಬರ ಹತ್ತಿರವೇ ಇರಬಾರದು.

ನಮ್ಮಲ್ಲಿ ನಡೆದದ್ದು ತಂಗಿಯ ಮದುವೆ. ಅಪ್ಪನ ಹಳೆಯ ಸ್ನೇಹಿತರೊಬ್ಬರಿದ್ದಾರೆ, ನಾವು ಮಾಮ ಅಂತಲೇ ಕರೆಯುವುದು. ಯಾರ ಮನೆಯ ಮದುವೆ ಆದರೂ ಮುಂದೆ ನಿಂತು ಓಡಾಡುವವರು. ‘ನೀವು ಬಂದವರನ್ನು ಮಾತಾಡಿಸಿಕೊಂಡು ಆರಾಮಾಗಿರಿ, ಉಳಿದದ್ದು ನನಗೆ ಬಿಡಿ’ ಅಂದರು. ಅಪ್ಪನಿಗೆ ದೊಡ್ಡ ಹೊರೆ ಇಳಿಯಿತು. ಎಲ್ಲರಿಗೂ ಕೊಡಬೇಕಿದ್ದ ಬಾಕಿಯನ್ನು ಒಂದೇ ಬ್ಯಾಗಿನಲ್ಲಿ ಹಾಕಿ ಅವರ ಕೈಗೆ ಕೊಟ್ಟರು. ಯಾರಿಗೆ ಎಷ್ಟು ಅಂತ ಬಾಯಲ್ಲೇ ಹೇಳಿದ್ದು, ಎಲ್ಲೂ ಬರೆದಿಟ್ಟಿರಲಿಲ್ಲ. ಸ್ನೇಹಿತರ ಮುಂದೆ ಲೆಕ್ಕ ಬರೆಯುವುದು ಚೆನ್ನಾಗಿರಲ್ಲ ಅಲ್ವಾ!

ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ನಡೆಯಿತು. ಊಟದ ಹೊತ್ತಿಗೆ, ವರನ ಕಡೆಯ ಹಿರಿಯರೊಬ್ಬರನ್ನು ಕರೆತರಲು ಗಾಡಿ ಹೋಗಿಲ್ಲ ಅಂತ ಗೊತ್ತಾಯಿತು. ಮಾಮ ತಾವೇ ಹೊರಟರು. ಬ್ಯಾಗೂ ಜೊತೆಗೇ ಹೋಯಿತು. ಸ್ವಲ್ಪ ಹೊತ್ತಿಗೆ ಅವರ ಫೋನ್ ಸ್ವಿಚ್ ಆಫ್. ಬೆಳಗಿನ ಜಾವದಿಂದ ಎಲ್ಲರೂ ಅವರಿಗೇ ಫೋನ್ ಮಾಡುತ್ತಿದ್ದರೆ ಚಾರ್ಜ್ ಎಲ್ಲಿ ಉಳಿಯುತ್ತದೆ?

ಆಮೇಲೆ ಯಾವುದೂ ಮುಂದೆ ಹೋಗಲಿಲ್ಲ. ಲೈಟಿನವರು ಬಾಕಿ ಬಂದರೆ ಮಾತ್ರ ಸಂಜೆಯ ಕೆಲಸ ಅಂತ ಕೂತರು. ಫೋಟೋದವರಿಗೆ ಬೇಕಾದ ಮನೆಯವರ ಪಟ್ಟಿ ಮಾಮನ ಫೋನಿನಲ್ಲಿ. ಡ್ರೈವರ್‌ಗಳ ನಂಬರೂ ಅದರಲ್ಲೇ. ಹಾಲ್‌ನ ಮ್ಯಾನೇಜರ್ ನನ್ನನ್ನು ನೋಡಿ, ‘ನೀವ್ಯಾರು? ನಮ್ಮ ಹತ್ತಿರ ಮಾತಾಡಿದ್ದು ಅವರು’ ಅಂದರು. ಮದುಮಗಳ ಅಣ್ಣನಿಗೆ ಈ ಮಾತು! ಇನ್ನೊಂದು ಕಡೆ ಮದುಮಗಳೇ ಫೋನ್ ಹಿಡಿದು ದಾರಿ ತಪ್ಪಿದ ಅತಿಥಿಗಳಿಗೆ ದಾರಿ ಹೇಳುತ್ತಿದ್ದಳು.

ಹೇಗೋ ಆ ದಿನ ಮುಗಿಯಿತು. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಡೆಕೋರೇಷನ್‌ನವರು ಫೋನ್ ಮಾಡಿ ಬಾಕಿ ಬಂದಿಲ್ಲ ಅಂದರು. ಕೊಟ್ಟಿದ್ದೇನೆ ಅಂದರು ಮಾಮ. ಯಾರ ಕೈಗೆ? ಅವರ ಹುಡುಗನ ಕೈಗೆ. ಯಾವ ಹುಡುಗ? ಹೆಸರು ಗೊತ್ತಿಲ್ಲ, ರಸೀದಿಯೂ ಇಲ್ಲ. ಅಡುಗೆಯವರ ಬಿಲ್ಲಿನಲ್ಲಿ ನಾವು ಹೇಳಿದ್ದಕ್ಕಿಂತ ಜಾಸ್ತಿ ಊಟದ ಲೆಕ್ಕ, ಕೆಳಗೆ ಮಾಮನ ಸಹಿ. ಹೊತ್ತು ಮೀರಿತು, ಜನರೇಟರ್ ಓಡಿತು, ಕುರ್ಚಿ ಮುರಿಯಿತು ಅಂತ ಹಾಲ್‌ನವರು ಡೆಪಾಸಿಟ್‌ನಲ್ಲಿ ಹಿಡಿದುಕೊಂಡರು. ಕೇಳಿದರೆ, ನಿಮ್ಮ ಕಡೆಯವರೇ ಒಪ್ಪಿದ್ದಾರಲ್ಲ!

ಡೆಕೋರೇಷನ್‌ನವರಿಗೆ ಇನ್ನೊಮ್ಮೆ ದುಡ್ಡು ಕೊಟ್ಟೆವು. ದುಡ್ಡಿನ ಮಾತು ಬಿಡಿ. ಮಾಮ ತೆಗೆದುಕೊಂಡರು ಅಂತ ನಾನು ಹೇಳಲಾರೆ. ತೆಗೆದುಕೊಂಡಿಲ್ಲ ಅಂತ ಇನ್ನೊಬ್ಬರಿಗೆ ತೋರಿಸಿಕೊಡಲೂ ನನ್ನ ಹತ್ತಿರ ಏನೂ ಇಲ್ಲ. ಒಂದು ಚೀಟಿ ಇದ್ದಿದ್ದರೆ ಅದು ನಮಗಿಂತ ಜಾಸ್ತಿ ಅವರನ್ನು ಕಾಪಾಡುತ್ತಿತ್ತು. ಈಗ ಅವರು ನಮ್ಮ ಮನೆಗೆ ಬರುವುದಿಲ್ಲ, ಅಪ್ಪ ಅವರ ಸುದ್ದಿ ಎತ್ತುವುದಿಲ್ಲ.

ಹಾಗಾಗಿ ನಿಮಗೆ ಹೇಳುವುದು ಇಷ್ಟು. ದೊಡ್ಡ ಬಾಕಿಗಳನ್ನು ಮನೆಯವರೇ ನೇರವಾಗಿ ಬ್ಯಾಂಕ್ ಮೂಲಕ ಕಳಿಸಿ. ನಗದೇ ಕೊಡಬೇಕಾದರೆ ಒಬ್ಬೊಬ್ಬರಿಗೆ ಒಂದೊಂದು ಕವರ್ ಮಾಡಿ. ಮೇಲೆ ಹೆಸರು, ಮೊತ್ತ ಬರೆದು, ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ. ಸಹಾಯಕ್ಕೆ ನಿಂತವರ ಕೈಯಲ್ಲಿ ಚಿಲ್ಲರೆ ಖರ್ಚಿನ ದುಡ್ಡು ಇದ್ದರೆ ಸಾಕು. ದುಡ್ಡು ಕೊಟ್ಟು ಇಟ್ಟುಕೊಂಡ ಈವೆಂಟ್‌ನವರಾದರೂ ಅಷ್ಟೇ. ಉಳಿದವರಿಗೆ ಕೊಡಬೇಕಾದ ಹಣ ಅವರ ಕೈ ಮೂಲಕ ಹೋಗುವುದು ಬೇಡ.

ಜಾಸ್ತಿ ಏನೇ ಸೇರಿಸಬೇಕಾದರೂ ಯಾರ ಒಪ್ಪಿಗೆ ಬೇಕು ಅನ್ನುವುದನ್ನು ಮೊದಲೇ ಎಲ್ಲರಿಗೂ ಮೆಸೇಜ್ ಮಾಡಿಬಿಡಿ. ಅಡುಗೆಯವರ ಜೊತೆ ಮಾತಾಡುವಾಗ ಕನಿಷ್ಠ ಎಷ್ಟು ಊಟಕ್ಕೆ ಲೆಕ್ಕ ಅಂತ ಕೇಳಿ. ಕೆಲವರು ಜನ ಕಡಿಮೆ ಬಂದರೂ ಅಷ್ಟಕ್ಕೆ ದುಡ್ಡು ಹಿಡಿಯುತ್ತಾರೆ. ಪ್ಲೇಟ್ ಎಣಿಸುವಾಗ ನಿಮ್ಮವರೊಬ್ಬರು ಪಕ್ಕದಲ್ಲಿರಲಿ, ಎಣಿಸದೆ ಸಹಿ ಬೇಡ. ಹಾಲ್‌ನ ಕೀ ತೆಗೆದುಕೊಳ್ಳುವಾಗ ಕರೆಂಟ್ ಮೀಟರ್, ಕುರ್ಚಿ, ಬಾತ್‌ರೂಮ್ ಎಲ್ಲದರ ಫೋಟೋ ತೆಗೆಯಿರಿ. ಹಿಂದಿರುಗಿಸುವಾಗ ಮತ್ತೊಮ್ಮೆ.

ನಂಬರ್‌ಗಳು ಕಾಗದದಲ್ಲಿರಲಿ, ಇಬ್ಬರ ಹತ್ತಿರ ಇರಲಿ. ಮುಖ್ಯ ಜವಾಬ್ದಾರಿ ಹೊತ್ತವರು ಹಾಲ್ ಬಿಟ್ಟು ಕದಲಬಾರದು. ಗಾಡಿಗೆ ಬೇರೆಯವರು, ಉಡುಗೊರೆ ಕವರ್‌ಗಳಿಗೆ ಬೇರೆಯವರು. ಇನ್ನೊಂದು ಮಾತು: ತೀರಾ ಹತ್ತಿರದ ನೆಂಟರಿಗೆ ಮುಖ್ಯ ಕೆಲಸ ಕೊಡಬೇಡಿ. ಅವರು ಬೇಕಾದ ಹೊತ್ತಿಗೆ ಸರಿಯಾಗಿ ಯಾರೋ ಫೋಟೋಗೆ ಎಳೆದುಕೊಂಡು ಹೋಗಿರುತ್ತಾರೆ.

ಮದುವೆಗೆ ಇನ್ನೂ ಸ್ವಲ್ಪ ದಿನ ಇದ್ದರೆ ಇವತ್ತೇ ಒಬ್ಬೊಬ್ಬರಿಗೂ ಫೋನ್ ಮಾಡಿ. ಎಷ್ಟು ಬಂದಿದೆ, ಎಷ್ಟು ಬಾಕಿ, ಯಾವಾಗ ಕೊಡಬೇಕು ಅಂತ ಅವರಿಂದಲೇ ಮೆಸೇಜ್ ಹಾಕಿಸಿಕೊಳ್ಳಿ.